ಇರುವೆಗೆ ಕೇರಂ ಪೌಡರ್: ಎರಡು ಮಳೆಗಾಲದ ಬಳಕೆಯ ನಂತರ

ಕೇರಂ ಬೋರ್ಡಿಗೆ ಉದುರಿಸುವ ಕೇರಂ ಪೌಡರ್ ಇರುವೆಗೆ ಕೆಲಸ ಮಾಡುತ್ತದೆ. ಆದರೆ ಗೋಡೆಬುಡಕ್ಕೆ ಉದುರಿಸಿದರೆ ದಂಡ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಕಾರವಾರದ ತೇವದ ಗಾಳಿಗೆ ಪುಡಿ ಬೇಗ ಗಂಟುಗಟ್ಟುತ್ತದೆ, ಇರುವೆ ಅದನ್ನು ಸುತ್ತಿಕೊಂಡು ಹೋಗುತ್ತದೆ. ಇರುವೆಗೆ ಅದನ್ನು ತಿನ್ನಿಸಬೇಕು.

ಇರುವೆ ಕೊಲ್ಲುವುದು ಬೋರಿಕ್ ಆಸಿಡ್, ಹಾಗಾಗಿ ಡಬ್ಬಿಯ ಮೇಲೆ ಆ ಹೆಸರು ಬರೆದಿರಲೇಬೇಕು. ಕೇರಂ ಪೌಡರ್ ಹೆಸರಿನಲ್ಲಿ ಬೇರೆ ಪುಡಿಗಳೂ ಸಿಗುತ್ತವೆ.

ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ಸಕ್ಕರೆ, 5 ಗ್ರಾಂ ಪೌಡರ್, ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚ. ತಣ್ಣೀರಿನಲ್ಲಿ ಬೇಗ ಕರಗದು. ಹತ್ತಿ ಉಂಡೆಯನ್ನು ಇದರಲ್ಲಿ ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು, ಅದನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೇರಿಸಿ ಸಾಲಿನ ಪಕ್ಕ ಇಡಬೇಕು. ಸಕ್ಕರೆ ಬದಲು ಶಿರಸಿ ಕಡೆಯ ನೀರಾಗಿರುವ ಜೋನಿ ಬೆಲ್ಲ ಹಾಕಿದರೆ ಇರುವೆ ಇನ್ನೂ ಬೇಗ ಮುತ್ತುತ್ತದೆ, ಆದರೆ ಅಷ್ಟೇ ಬೇಗ ಹುಳಿಯುತ್ತದೆ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸುವುದು ತಪ್ಪದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಬೇಗ ಸಾಯಲಿ ಎಂದು ಮೂರು ಚಮಚ ಸುರಿದರೆ ಇರುವೆ ಒಂದೋ ಮೂಸಿ ಬಿಡುತ್ತದೆ, ಇಲ್ಲವೇ ಗೂಡು ಸೇರುವ ಮೊದಲೇ ಸಾಯುತ್ತದೆ. ಶೇಕಡಾ 1ರಷ್ಟಿದ್ದರೆ ಹೊಟ್ಟೆ ತುಂಬಿಸಿಕೊಂಡು ಒಳಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗೂ ರಾಣಿಗೂ ಅದು ಮುಟ್ಟುವುದು ಹಾಗೆ.

ಮೊದಲ ದಿನ ಸಾಲು ದಪ್ಪವಾಗುತ್ತದೆ. ಗಾಬರಿಬಿದ್ದು ಒರೆಸಬೇಡಿ, ಸ್ಪ್ರೇ ಅಂತೂ ಬೇಡವೇ ಬೇಡ. ಸ್ಪ್ರೇ ಕಂಡ ಇರುವೆಯನ್ನಷ್ಟೇ ಕೊಲ್ಲುತ್ತದೆ. ಹಳದಿ ಬಣ್ಣದ ಸಣ್ಣ ಫೇರೋ ಇರುವೆಯಾದರೆ ಒಂದು ಗೂಡು ಒಡೆದು ನಾಲ್ಕಾಗುವುದೂ ಉಂಟು. ನಾಲ್ಕೈದು ದಿನಕ್ಕೆ ಸಾಲು ತೆಳುವಾಗುತ್ತದೆ, ಪೂರ್ತಿ ನಿಲ್ಲಲು ಎರಡು ಮೂರು ವಾರ ಹಿಡಿಯುತ್ತದೆ. ಇರುವೆ ಚಾಕ್ ಇದಕ್ಕಿಂತ ಚುರುಕು ನಿಜ, ಆದರೆ ಒಸರುವ ಚಿರೇಕಲ್ಲಿನ ಗೋಡೆಯ ಮೇಲೆ ಗೆರೆ ನಿಲ್ಲಬೇಕಲ್ಲ.

ಸಿಹಿಗೆ ಬಾರದ ಇರುವೆಯೂ ಇದೆ. ಒಂದು ಹನಿ ಬೆಲ್ಲ, ಪಕ್ಕದಲ್ಲಿ ಚಿಟಿಕೆ ಒಣಮೀನಿನ ಪುಡಿ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಮೀನಿಗೆ ಮುತ್ತಿದರೆ 50 ಗ್ರಾಂ ಒಣಮೀನು ಅಥವಾ ಹುರಿದ ಶೇಂಗಾ ಪುಡಿಗೆ 1 ಗ್ರಾಂ ಪೌಡರ್, ತುಸು ತೆಂಗಿನೆಣ್ಣೆ ಸೇರಿಸಿ ಕಲಸಬೇಕು. ಬೆಕ್ಕಿರುವ ಮನೆಯಲ್ಲಿ ಇದಕ್ಕೆ ಕೈ ಹಾಕದಿರುವುದು ವಾಸಿ.

ಹಂಚಿಗೆ ತಾಗುವ ದಾಸವಾಳದ ಕೊಂಬೆ ಕಡಿಯದಿದ್ದರೆ ಇದೆಲ್ಲ ವ್ಯರ್ಥ. ಅದರಲ್ಲಿನ ಹಿಟ್ಟುತಿಗಣೆ ಎಂಬ ಕೀಟ ಬಿಡುವ ಅಂಟುರಸ ಕುಡಿಯಲು ಬಂದ ಇರುವೆಗೆ ಅಟ್ಟಕ್ಕೆ ಅದೇ ದಾರಿ.

ಕೊರತೆ ಎಂದರೆ, ನೋಡಲು ಪುಡಿ ಉಪ್ಪಿನ ಹಾಗೆಯೇ. ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ. ಹೆಸರು ಬರೆದು, ಅಡುಗೆಮನೆಯಿಂದ ಹೊರಗೆ, ಎತ್ತರದಲ್ಲಿ ಇಡಬೇಕು. ಗೆದ್ದಲಿಗೆ ಈ ಸಕ್ಕರೆ ನೀರು ನಾಟದು.

ಗೇರು, ಮಾವಿನ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಗಳಿಗೆ ಇದನ್ನು ಇಡಬೇಡಿ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಅದು ಹಿಡಿದು ತಿನ್ನುತ್ತದೆ, ಮೇಲಾಗಿ ಆ ಗೂಡು ಯಾರದೋ ಮನೆಯ ಚಟ್ನಿಯೂ ಆಗಬಹುದು.