ನಾಲ್ಕು ವರ್ಷ ಬಳಸಿದ ನ್ಯಾಸ್ ಪೆಟ್ಟಿಗೆ: ಝೆಡ್ ಡ್ರೈವ್ ತಾನಾಗಿ ತೆರೆಯದಿದ್ದಾಗ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ ಮನೆಯಿಂದಲೇ ಮಾರುತ್ತೇನೆ. 2021ರ ದೀಪಾವಳಿಗೆ ಎರಡು ಡಿಸ್ಕ್ ಕೂರುವ ನ್ಯಾಸ್ ಪೆಟ್ಟಿಗೆಯೊಂದನ್ನು ಕೊಂಡೆವು, ಅಂದರೆ ಮನೆಯ ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಫೈಲ್ ಇಡುವ, ತೆಗೆಯುವ ಪೆಟ್ಟಿಗೆ. ಒಳಗಿರುವುದು 4 ಟಿಬಿಯ ಎರಡು ಡಿಸ್ಕ್. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಹೋಗುತ್ತದೆ, ಹಾಗಾಗಿ ಬಳಸಲು ಸಿಗುವ ಜಾಗ 4 ಟಿಬಿ ಅಷ್ಟೇ. ಸೀರೆಗಳ ಫೋಟೊ, ಆರ್ಡರ್ ಲೆಕ್ಕ ಅದರಲ್ಲಿವೆ. ಇವೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಹಳೇ ಊರಿನ ಮನೆಯ ಚಿತ್ರಗಳು. ಆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಯಿತು. ಪಡಸಾಲೆ, ತುಳಸಿಕಟ್ಟೆ, ಬಾಗಿಲ ಚೌಕಟ್ಟಿನ ಕೆತ್ತನೆ ಈಗ ಉಳಿದಿರುವುದು ಆ ಸ್ಕ್ಯಾನ್‌ಗಳಲ್ಲಿ ಮಾತ್ರ.

ಪೆಟ್ಟಿಗೆಯ ಬಗ್ಗೆ ದೂರಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆ ಒಂದು ಡಿಸ್ಕ್ ಕೆಟ್ಟಿತು, ಹೊಸದು ಹಾಕಿದೆ, ಒಂದು ಫೈಲೂ ಹೋಗಲಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ. ಮಲಗುವ ಕೋಣೆಯಲ್ಲಂತೂ ಇಡಬೇಡಿ.

ನಿಜವಾಗಿ ಕಾಡಿದ್ದು ಲಾಗಿನ್. ಲೆಕ್ಕ ಬರೆಯುವವರು ನಮ್ಮ ಮಾವ, ನಿವೃತ್ತ ಶಿಕ್ಷಕರು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಪಾಸ್‌ವರ್ಡ್ ಟೈಪ್ ಮಾಡುವುದು ಅವರಿಗೆ ತ್ರಾಸು. ಸ್ವಿಚ್ ಒತ್ತಿದರೆ ಕಂಪ್ಯೂಟರ್ ತೆರೆಯಬೇಕು, ಝೆಡ್ ಡ್ರೈವ್‌ನಲ್ಲಿ (ಪೆಟ್ಟಿಗೆಯ ಫೋಲ್ಡರ್ ಅವರ ಕಂಪ್ಯೂಟರ್‌ನಲ್ಲಿ ಕಾಣುವುದು ಈ ಹೆಸರಿನಲ್ಲಿ) ಲೆಕ್ಕದ ಹಾಳೆ ಸಿಗಬೇಕು, ಅವರು ಕೇಳಿದ್ದು ಇಷ್ಟೇ. ಆದ್ದರಿಂದ ಮೊದಲ ಮೂರು ವರ್ಷ ಫೋಲ್ಡರ್‌ಗೆ ಪಾಸ್‌ವರ್ಡೇ ಇಟ್ಟಿರಲಿಲ್ಲ, ಗೆಸ್ಟ್ ಆಗಿ ಯಾರು ಬೇಕಾದರೂ ತೆರೆಯಬಹುದಿತ್ತು. ಅದು ನನ್ನ ತಪ್ಪು.

2025ರ ಶುರುವಿನಲ್ಲಿ ಅವರ ಕಂಪ್ಯೂಟರ್ ವಿಂಡೋಸ್ 11ರ 24ಎಚ್2ಗೆ ಅಪ್‌ಡೇಟ್ ಆಯಿತು. ಮರುದಿನ ಬೆಳಿಗ್ಗೆ ಮಾವ ಕರೆದರು: "ಝೆಡ್ ಡ್ರೈವ್ ತೆರಿವಲ್ದು ನೋಡವಾ. ಸಂಸ್ಥೆಯ ಭದ್ರತಾ ನಿಯಮ ತಡೀತೈತಿ ಅಂತ ಇಂಗ್ಲಿಷ್‌ನ್ಯಾಗ ಬಂದೈತಿ. ಯಾವ ಸಂಸ್ಥೆ ಇದು? ಯಾರರ ನಮ್ಮ ಲೆಕ್ಕದಾಗ ಕೈ ಹಾಕ್ಯಾರೇನು?" ಪಾಪ, ನಿಜವಾಗಿಯೂ ಹೆದರಿದ್ದರು. ಯಾರೂ ಕೈ ಹಾಕಿರಲಿಲ್ಲ. ಆ ಆವೃತ್ತಿಯಿಂದ ವಿಂಡೋಸ್‌ನ ಪ್ರೊ ಇರುವ ಕಂಪ್ಯೂಟರ್‌ಗಳು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕವನ್ನು ಒಪ್ಪುವುದಿಲ್ಲ, ಪ್ರತಿ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ) ಸಂಪರ್ಕಕ್ಕೂ ಸಹಿ, ಅಂದರೆ ಪಾಸ್‌ವರ್ಡ್‌ನಿಂದ ಹುಟ್ಟುವ ಗುಪ್ತ ಮುದ್ರೆ, ಕೇಳುತ್ತವೆ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲದ ಮೇಲೆ ಸಹಿ ಎಲ್ಲಿಂದ ಬರಬೇಕು?

ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಎರಡು ಸಾಲು ಬದಲಿಸಿ, ಒಂದರಿಂದ ಗೆಸ್ಟ್ ಅನ್ನು ಮತ್ತೆ ಒಪ್ಪುವಂತೆ, ಇನ್ನೊಂದರಿಂದ ಸಹಿ ಕಡ್ಡಾಯವಲ್ಲದಂತೆ ಮಾಡಬಹುದು. ಮಾಡಿದೆ, ಡ್ರೈವ್ ತೆರೆಯಿತು. ರಾತ್ರಿ ಮಲಗಿದಾಗ ಹಳೇ ಮನೆಯ ಫೋಟೊಗಳು ನೆನಪಾದವು. ಮನೆಗೆ ಬಂದವರು ಯಾರೋ ವೈರಸ್ ಇರುವ ಲ್ಯಾಪ್‌ಟಾಪ್ ಅನ್ನು ನಮ್ಮ ವೈಫೈಗೆ ಜೋಡಿಸಿದರೆ ಅವೆಲ್ಲ ಒಂದೇ ಹೊತ್ತಿನಲ್ಲಿ ಹಾಳು. ಬೆಳಿಗ್ಗೆ ಎದ್ದು ಆ ಎರಡೂ ಸಾಲನ್ನು ಮೊದಲಿನಂತೆ ಮಾಡಿದೆ, ಗೆಸ್ಟ್ ಬಂದ್ ಮಾಡಿದೆ, ಪೆಟ್ಟಿಗೆಯಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ತೆರೆದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇದು ಗೊತ್ತಾಗದೆ ನಾನು ವಾರಗಟ್ಟಲೆ ಒದ್ದಾಡಿದ್ದೇನೆ. ಕಂಪ್ಯೂಟರ್‌ಗೆ ಲಾಗಿನ್ ಆಗುವುದು ಬೇರೆ, ನೆಟ್‌ವರ್ಕ್‌ನ ಪೆಟ್ಟಿಗೆಗೆ ಲಾಗಿನ್ ಆಗುವುದು ಬೇರೆ. ಮೊದಲನೆಯದು ತಲಬಾಗಿಲು, ಎರಡನೆಯದು ತಿಜೋರಿ. ನಾವು ಹಾಕುವ ನಾಲ್ಕಂಕಿಯ ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ಅದು ನೆಟ್‌ವರ್ಕ್ ದಾಟಿ ಹೋಗುವುದೇ ಇಲ್ಲ. ಪೆಟ್ಟಿಗೆ ಹೆಸರು, ಪಾಸ್‌ವರ್ಡ್ ಕೇಳಿದಾಗ ಅಲ್ಲಿ ಪಿನ್ ಒತ್ತಿದರೆ ತಪ್ಪು ಪಾಸ್‌ವರ್ಡ್ ಎಂದೇ ಲೆಕ್ಕ.

ನಮ್ಮಲ್ಲಿ ಆದದ್ದೂ ಅದೇ. ಶ್ರಾವಣದಲ್ಲಿ ಮಾವನ ಪಾಸ್‌ವರ್ಡ್ ಅನ್ನು ಪೆಟ್ಟಿಗೆಯಲ್ಲಿ ಬದಲಿಸಿದ್ದೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಪೆಟ್ಟಿಗೆಯ ಹೆಸರಿನಡಿ ಹೊಸ ಪಾಸ್‌ವರ್ಡ್ ಉಳಿಸಿದೆ. ಆದರೆ ಝೆಡ್ ಡ್ರೈವ್ ಜೋಡಿಸಿದ್ದು ಐಪಿ ವಿಳಾಸದಿಂದ, ಅಂದರೆ ನೆಟ್‌ವರ್ಕ್‌ನಲ್ಲಿ ಪೆಟ್ಟಿಗೆಗಿರುವ ಅಂಕಿಗಳ ವಿಳಾಸದಿಂದ. ಆ ವಿಳಾಸದಡಿ ಹಳೇ ಪಾಸ್‌ವರ್ಡ್ ಹಾಗೇ ಕೂತಿತ್ತು. ಪೆಟ್ಟಿಗೆ ಒಂದೇ, ಆದರೆ ವಿಂಡೋಸ್‌ಗೆ ಹೆಸರೂ ವಿಳಾಸವೂ ಎರಡು ಬೇರೆ ಯಂತ್ರಗಳಿದ್ದಂತೆ. ದಿನಾ ಬೆಳಿಗ್ಗೆ ಹಳೇ ಪಾಸ್‌ವರ್ಡ್ ಹೋಗುವುದು, ಪೆಟ್ಟಿಗೆ ಬೇಡ ಎನ್ನುವುದು, ಕಿಟಕಿ ಎದ್ದು ಬರುವುದು, ಮಾವ ನಿಧಾನಕ್ಕೆ ಬೆರಳು ಇಟ್ಟು ಪಿನ್ ಒತ್ತುವುದು. ಐದು ಸಲ ತಪ್ಪಾದರೆ ಆ ಕಂಪ್ಯೂಟರ್ ಅನ್ನೇ ತಡೆ ಎಂದು ಪೆಟ್ಟಿಗೆಗೆ ಹೇಳಿಟ್ಟವಳು ನಾನೇ. ಅದು ಹೇಳಿದ ಕೆಲಸ ಮಾಡಿತು.

ಎರಡು ದಿನ ಹುಡುಕಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಅವರದರಲ್ಲಿ ಪೆಟ್ಟಿಗೆಯೇ ಕಾಣುತ್ತಿಲ್ಲ. ಕೇಬಲ್ ಬದಲಿಸಿದೆ. ಪೆಟ್ಟಿಗೆ ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದರೆ "ಪೂರಾ ಫಾರ್ಮ್ಯಾಟ್ ಮಾಡಬೇಕಾಗ್ತದ್ರಿ" ಅಂದರು. ದಯವಿಟ್ಟು ಇಂಥ ಮಾತು ಕೇಳಿ ಅವಸರ ಮಾಡಬೇಡಿ. ಕೊನೆಗೆ ಪೆಟ್ಟಿಗೆಯ ಲಾಗ್ ಓದಿದಾಗ ಮಾವನ ಕಂಪ್ಯೂಟರ್‌ನ ವಿಳಾಸ ತಡೆಪಟ್ಟಿಯಲ್ಲಿ ಕಂಡಿತು. ಪಟ್ಟಿಯಿಂದ ತೆಗೆದೆ. ಕ್ರೆಡೆನ್ಶಿಯಲ್ ಮ್ಯಾನೇಜರ್‌ನ ಎರಡೂ ನಮೂದು ಅಳಿಸಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್ ಯೂಸ್' ಕೊಟ್ಟು ಹಳೇ ಸಂಪರ್ಕಗಳನ್ನೂ ಕಿತ್ತೆ, ಯಾಕೆಂದರೆ ಒಂದೇ ಪೆಟ್ಟಿಗೆಗೆ ಎರಡು ಬಳಕೆದಾರರ ಹೆಸರಿನಲ್ಲಿ ಹೋದರೆ ವಿಂಡೋಸ್ 1219 ಎಂಬ ಎರರ್ ಕೊಟ್ಟು ನಿಲ್ಲಿಸುತ್ತದೆ. ಆಮೇಲೆ ಹೆಸರಿನಿಂದ ಮಾತ್ರ ಡ್ರೈವ್ ಜೋಡಿಸಿದೆ. ರೌಟರ್‌ನಲ್ಲಿ ಪೆಟ್ಟಿಗೆಗೆ ಒಂದೇ ವಿಳಾಸ ಕಾಯ್ದಿರಿಸಿದೆ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಬೇರೆ ವಿಳಾಸ ಸಿಕ್ಕರೂ ಸಿಕ್ಕಿತು.

ಇಷ್ಟಾದರೂ ಕೆಲವು ದಿನ ಝೆಡ್ ಮೇಲೆ ಕೆಂಪು ಗುರುತು ಬರುತ್ತಿತ್ತು, ಎರಡು ಸಲ ಒತ್ತಿದರೆ ಹೋಗುತ್ತಿತ್ತು. ಕಾರಣ ಸರಳ. ಎಸ್‌ಎಸ್‌ಡಿ ಇರುವುದರಿಂದ ಕಂಪ್ಯೂಟರ್ ಬೇಗ ಏಳುತ್ತದೆ, ವೈಫೈ ಇನ್ನೂ ಎದ್ದಿರುವುದಿಲ್ಲ. ಇಪ್ಪತ್ತು ಸೆಕೆಂಡ್ ಕಾದು ಡ್ರೈವ್ ಜೋಡಿಸುವ ಎರಡು ಸಾಲಿನ ಬ್ಯಾಚ್ ಫೈಲ್ ಬರೆದು ಸ್ಟಾರ್ಟಪ್ ಫೋಲ್ಡರ್‌ನಲ್ಲಿಟ್ಟೆ. ಪೆಟ್ಟಿಗೆಗೂ ರೌಟರ್‌ಗೂ ಒಂದು ಯುಪಿಎಸ್ ಕೊಟ್ಟೆ.

ತಲಬಾಗಿಲಿನ ವಿಷಯ ಚಿಕ್ಕದು. ಸೈನ್ ಇನ್ ಸೆಟ್ಟಿಂಗ್‌ನಲ್ಲಿ 'ವಿಂಡೋಸ್ ಹೆಲೋ ಮಾತ್ರ' (ಪಿನ್, ಬೆರಳಚ್ಚು, ಮುಖದಿಂದಷ್ಟೇ ಲಾಗಿನ್) ಎಂಬುದನ್ನು ಆಫ್ ಮಾಡಿದರೆ ನೆಟ್‌ಪಿಎಲ್‌ವಿಜ್ (netplwiz) ಎಂಬ ಬಳಕೆದಾರರ ಖಾತೆಗಳ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳಬೇಕೋ ಬೇಡವೋ ಎಂಬ ಚೌಕ ಕಾಣುತ್ತದೆ. ಅಲ್ಲಿ ಗುರುತು ತೆಗೆದು ಕಂಪ್ಯೂಟರ್‌ನ ಪಾಸ್‌ವರ್ಡ್ ಕೊಡಬೇಕು, ಪಿನ್ ಅಲ್ಲ. ರಿಜಿಸ್ಟ್ರಿಯಲ್ಲಿ ಕೈಯಾರೆ ಪಾಸ್‌ವರ್ಡ್ ಬರೆಯುವ ದಾರಿಯೂ ಇದೆ, ಆದರೆ ಅದು ಅಲ್ಲಿ ಬಯಲಿಗೆ ಓದಲು ಸಿಗುತ್ತದೆ, ನಾನು ಆ ದಾರಿ ಹಿಡಿಯಲಿಲ್ಲ. ತಾನಾಗಿ ಲಾಗಿನ್ ಆಗುವುದು ಮಾವನ ಡೆಸ್ಕ್‌ಟಾಪ್‌ಗೆ ಮಾತ್ರ. ನನ್ನ ಲ್ಯಾಪ್‌ಟಾಪ್ ಇಳಕಲ್‌ಗೆ, ಗುಳೇದಗುಡ್ಡಕ್ಕೆ ಬಸ್ಸಿನಲ್ಲಿ ಬರುತ್ತದೆ, ಅದಕ್ಕೆ ಪಾಸ್‌ವರ್ಡ್ ಇರಲೇಬೇಕು.

ಪೆಟ್ಟಿಗೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಯಾಕೆಂದರೆ ತಡೆ ಹಾಕಿದ್ದನ್ನು ಅದು ಲಾಗ್‌ನಲ್ಲಿ ಬರೆದು ಸುಮ್ಮನಾಯಿತು, ಫೋನಿಗೆ ಒಂದು ಸಂದೇಶ ಕಳಿಸಿದ್ದರೆ ಎರಡು ದಿನ ಉಳಿಯುತ್ತಿತ್ತು.

ಒಂದು ಕೆಲಸ ಇನ್ನೂ ಬಾಕಿ. ನಮ್ಮ ಹಳೇ ಸ್ಕ್ಯಾನರ್‌ಗೆ ಎಸ್‌ಎಂಬಿಯ ಒಂದನೇ ಆವೃತ್ತಿ ಬಿಟ್ಟರೆ ಬೇರೆ ಬಾರದು. 2017ರ ಮೇನಲ್ಲಿ ವಾನಾಕ್ರೈ ಹರಡಿದ್ದು ಅದರ ದೋಷದ ಮೂಲಕವೇ. ಸ್ಕ್ಯಾನರ್‌ಗಾಗಿ ಅದನ್ನು ಪೆಟ್ಟಿಗೆಯಲ್ಲಿ ತೆರೆಯಲು ನನಗೆ ಮನಸ್ಸಿಲ್ಲ. ಮಾವ ಹಳೇ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿ ತಂದು ಝೆಡ್‌ಗೆ ಹಾಕುತ್ತಾರೆ. ಇನ್ನೊಂದು ಆಲ್ಬಮ್ ಉಳಿದಿದೆ.