ಹಾರ್ಡ್‌ವೇರ್ ಅಂಗಡಿಯ ಬ್ಲೋವರ್: ಆಫೀಸಿನ ಕಂಪ್ಯೂಟರುಗಳಿಗೆ ಐದಾರು ವರ್ಷ ಬಳಸಿದ ಮೇಲೆ

ಕಂಪ್ಯೂಟರ್ ಕ್ಲೀನಿಂಗ್ ಕಿಟ್ ಅಂತ ಆನ್‌ಲೈನಿನಲ್ಲಿ ಏನೇನೋ ಸಿಗುತ್ತದೆ. ಅದಕ್ಕೆ ದುಡ್ಡು ಹಾಕುವ ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಬ್ಲೋವರ್ ತನ್ನಿ. ಎಸಿ ರಿಪೇರಿಯವರು, ಮರಗೆಲಸದವರು ಕೈಯಲ್ಲಿ ಹಿಡಿದಿರುತ್ತಾರಲ್ಲ, ಅದೇ. 500ರಿಂದ 600 ವ್ಯಾಟಿನದು ಸಾಕು. ಕಂಪನಿ ಯಾವುದಾದರೂ ದೊಡ್ಡ ವ್ಯತ್ಯಾಸವಿಲ್ಲ, ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ ನಿಮ್ಮೂರಲ್ಲೇ ಸಿಗುತ್ತದೆಯೇ ಅಂತ ಮಾತ್ರ ಕೇಳಿಕೊಳ್ಳಿ.

ನಮ್ಮದು ದಾವಣಗೆರೆಯಲ್ಲಿ ಟ್ಯಾಕ್ಸ್ ಫೈಲಿಂಗಿನ ಸಣ್ಣ ಆಫೀಸು. ಮೊದಲ ಮಹಡಿ, ಕೆಳಗೆ ಇಡೀ ದಿನ ಬಸ್ಸು ಲಾರಿ ಓಡಾಡುವ ರಸ್ತೆ. ಕಿಟಕಿ ಹಾಕಿದರೆ ಸೆಖೆ, ತೆಗೆದರೆ ಧೂಳು. ಬ್ಲೋವರ್ ಬರುವ ಮೊದಲು ತಿಂಗಳ 20ನೇ ತಾರೀಕು ಹತ್ತಿರ ಬಂದು ಜಿಎಸ್‌ಟಿ ರಿಟರ್ನ್ ಕೆಲಸ ಜೋರಾದಾಗಲೇ ಸಿಪಿಯು ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಎಕ್ಸೆಲ್ ಶೀಟು ತೆರೆದುಕೊಳ್ಳಲು ಮೀನಮೇಷ ಎಣಿಸುತ್ತಿತ್ತು. ವೈರಸ್ ಇರಬೇಕು, ರ‍್ಯಾಮ್ ಹಾಕಿಸಬೇಕು ಅಂತ ಎಲ್ಲರೂ ಒಂದೊಂದು ಹೇಳುವವರೇ. ಪಕ್ಕದ ತಗಡು ಬಿಚ್ಚಿ ನೋಡಿದರೆ ಪ್ರೊಸೆಸರ್ ಮೇಲಿನ, ಅದರ ಬಿಸಿ ಹೊರಹಾಕುವ ಹೀಟ್ ಸಿಂಕಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಧೂಳು ಕಂಬಳಿಯಾಗಿ ಕೂತಿತ್ತು. ಅಲ್ಲಿ ಗಾಳಿ ಆಡದಿದ್ದರೆ ಪ್ರೊಸೆಸರ್ ಕಾಯುತ್ತದೆ, ಕಾದರೆ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ಲೋವರ್ ಒಮ್ಮೆ ಒತ್ತಿದ್ದಕ್ಕೆ ಆ ಧೂಳು ಪಟ್ಟಿಗಳ ಗೆರೆ ಸಮೇತ ಒಂದೇ ತುಂಡಾಗಿ ಎದ್ದು ಬಂತು. ಮತ್ತೆ ಆನ್ ಮಾಡಿದಾಗ ಫ್ಯಾನಿನ ಸದ್ದೇ ಕೇಳಲಿಲ್ಲ. ಬಟ್ಟೆ, ಬ್ರಷ್ ಎರಡರಿಂದಲೂ ಆಗದ ಕೆಲಸ ಅದು.

ಹಾಗಂತ ಕೈಗೆ ಸಿಕ್ಕಿತೆಂದು ಬುರ್ರೆನ್ನಿಸುವ ಸಾಮಾನಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಒಳಗಿನ ಕರೆಂಟು ಇಳಿಸಿ, ಸಿಪಿಯು ಎತ್ತಿಕೊಂಡು ಬಾಲ್ಕನಿಗೆ ಹೋಗಬೇಕು. ರೂಮಿನೊಳಗೇ ಹೊಡೆದರೆ ಒಂದರ ಧೂಳು ಇನ್ನೊಂದಕ್ಕೆ, ಅಷ್ಟೇ. ಬ್ಲೋವರ್ ಮೂತಿ ಒಂದು ಗೇಣಾದರೂ ದೂರ ಇರಲಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲೋ ಐಸ್‌ಕ್ರೀಂ ಕಡ್ಡಿಯಲ್ಲೋ ತಡೆದು ಹಿಡಿಯಲೇಬೇಕು. ಬಿಟ್ಟರೆ ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗುತ್ತದೆ, ಬೇರಿಂಗ್ ಹಾಳಾಗುತ್ತದೆ. ಮೇಲಾಗಿ ತಿರುಗುವ ಮೋಟಾರು ಡೈನಮೋ ಆಗಿ ಬೋರ್ಡಿಗೇ ಕರೆಂಟು ಕಳಿಸಬಹುದು. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಗೆ ಹೊರಗಿನಿಂದ ಗಾಳಿ ಹೊಡೆದರೆ ಸಾಕು, ಬಿಚ್ಚಲು ಹೋಗಬೇಡಿ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಬ್ಲೋವರನ್ನು ಯುಪಿಎಸ್ ಹಿಂದಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ಆಫೀಸುಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್ ಮಾತ್ರ. ಗೋಡೆಯ ಪ್ಲಗ್ಗೇ ಸರಿ.

ಕೀಬೋರ್ಡಿಗೂ ಇದೇ ಬ್ಲೋವರ್. ಸಂಜೆ ಮಂಡಕ್ಕಿ ಮೆಣಸಿನಕಾಯಿ ತರಿಸದ ಆಫೀಸು ನಮ್ಮೂರಲ್ಲಿಲ್ಲ. ಆ ಹುರಿಗಡಲೆ ಪುಡಿ, ಎಣ್ಣೆ, ಒಗ್ಗರಣೆಯ ಸಾಸಿವೆ ಎಲ್ಲಾ ಸೇರುವುದು ಕೀಗಳ ಸಂದಿಗೆ. ಕೀಬೋರ್ಡನ್ನು ಮಗುಚಿ ಹಿಡಿದು ಓರೆಯಾಗಿ ಗಾಳಿ ಬಿಟ್ಟರೆ ಉದುರುತ್ತದೆ. ಎಣ್ಣೆ ಜಿಡ್ಡು ಮಾತ್ರ ಗಾಳಿಗೆ ಜಗ್ಗುವುದಿಲ್ಲ. ಅದಕ್ಕೆ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಬೇಡವೇ ಬೇಡ, ಕೀಗಳ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಮೊದಲು ಬ್ಲೋವರ್, ಆಮೇಲೆ ಆಲ್ಕೋಹಾಲ್. ಅದಲು ಬದಲು ಮಾಡಬೇಡಿ. ಬ್ಲೋವರ್ ಮೋಟಾರಿನ ಕಾರ್ಬನ್ ಬ್ರಷ್ ಹತ್ತಿರ ಕಿಡಿ ಹಾರುತ್ತಿರುತ್ತದೆ, ಆಲ್ಕೋಹಾಲ್ ಆವಿಗೆ ಬೆಂಕಿ ಹಿಡಿಯಲು ಅಷ್ಟು ಸಾಕು. ಸ್ಪೇಸ್ ಬಾರ್ ಕೀಳಲು ಹೋಗಬೇಡಿ, ಅದರಡಿಯ ತಂತಿಯನ್ನು ಮತ್ತೆ ಕೂರಿಸುವುದು ತಲೆನೋವು.

ಆಯುಧಪೂಜೆಯ ಮಾರನೆಯ ದಿನ ಈ ಬ್ಲೋವರಿಗೆ ವರ್ಷದಲ್ಲೇ ಹೆಚ್ಚು ಕೆಲಸ. ಮಾನಿಟರಿನ ನೆತ್ತಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಎಷ್ಟೋ ಮಾನಿಟರುಗಳಲ್ಲಿ ಬಿಸಿಗಾಳಿ ಹೋಗುವ ತೂತುಗಳಿರುವುದು ಅಲ್ಲೇ ಹಿಂದುಗಡೆ. ಸಿಪಿಯು ಮೇಲೆ ಅಕ್ಷತೆ, ಯುಎಸ್‌ಬಿ ತೂತಿನಲ್ಲಿ ಊದುಬತ್ತಿ ಬೂದಿ. ಒಣ ಕುಂಕುಮವಾದರೆ ಗಾಳಿಗೇ ಹೋಗುತ್ತದೆ, ನೀರಲ್ಲಿ ಕಲಸಿ ಇಟ್ಟಿದ್ದರೆ ಉಜ್ಜಬೇಕು. ಈಗ ನಮ್ಮಲ್ಲಿ ಪೂಜೆಗೆ ಮಾನಿಟರಿನ ಕಾಲು, ಅಂದರೆ ಸ್ಟ್ಯಾಂಡು. ದೇವರು ಬೇಸರ ಮಾಡಿಕೊಂಡಂತೆ ಕಾಣುವುದಿಲ್ಲ.

ಸ್ಕ್ರೀನಿಗೆ ಮೈಕ್ರೋಫೈಬರ್ ಬಟ್ಟೆ, ಒಂಚೂರು ಶುದ್ಧ ನೀರು. ನೀರು ಹಾಕುವುದು ಬಟ್ಟೆಗೆ, ಸ್ಕ್ರೀನಿಗಲ್ಲ. ಇಳಿದ ಹನಿ ಕೆಳಗಿನ ಅಂಚಿನಿಂದ ಒಳಗೆ ಸೇರಿದರೆ ಪ್ಯಾನೆಲ್ಲೇ ಹೋಗಬಹುದು. ಸಂದಿಗೆ ಒತ್ತಿ ತೆಗೆಯುವ ಬಣ್ಣದ ಜೆಲ್ ಕೂಡ ತರಿಸಿ ನೋಡಿದ್ದೇನೆ. ಮೊದಲ ಸಲ ಮಜಾ, ಸೆಖೆಗಾಲದಲ್ಲಿ ಮೆತ್ತಗಾಗಿ ಕೀಗಳಡಿಯಲ್ಲೇ ಉಳಿಯಿತು. ಗಾಳಿ ತುಂಬಿದ ಸ್ಪ್ರೇ ಡಬ್ಬಿ ಒಳ್ಳೆಯದೇ, ಆದರೆ ನಾಲ್ಕು ಕಂಪ್ಯೂಟರಿಗೆ ಹೊಡೆಯುವಷ್ಟರಲ್ಲಿ ಖಾಲಿ.

ಲೇಸರ್ ಪ್ರಿಂಟರಿನ ಹತ್ತಿರ ಮಾತ್ರ ಬ್ಲೋವರ್ ತರಬೇಡಿ. ಅದರ ಶಾಯಿಯಾದ ಟೋನರ್ ಪುಡಿ ಕಣ್ಣಿಗೆ ಕಾಣದಷ್ಟು ನುಣ್ಣಗಿದ್ದು ಇಡೀ ರೂಮಿಗೆ ಹರಡುತ್ತದೆ. ಬಟ್ಟೆಗೆ ಬಿದ್ದರೆ ಕೊಡವಿ ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಹಾಕಿದರೆ ಕಲೆ ಅಂಟಿಕೊಳ್ಳುತ್ತದೆ.

ದೂರುಗಳೂ ಇವೆ. ಸದ್ದು ವಿಪರೀತ, ಕ್ಲೈಂಟ್ ಕೂತಿರುವಾಗ ಹಚ್ಚುವಂತಿಲ್ಲ. ವೈರು ಗಿಡ್ಡ. ಜೊತೆಗೆ ಕೊಟ್ಟ ಚೀಲ ಸಿಕ್ಕಿಸಿದರೆ ವ್ಯಾಕ್ಯೂಮ್ ಕ್ಲೀನರೂ ಆಗುತ್ತದೆ ಎನ್ನುತ್ತಾರೆ. ಹೀರಿದ ನಯವಾದ ಧೂಳನ್ನೆಲ್ಲ ಆ ಚೀಲ ಹೊರಗೇ ಬಿಡುತ್ತದೆ. ಕಾರ್ಬನ್ ಬ್ರಷ್ ಸವೆದು ಒಮ್ಮೆ ನಿಂತಿತ್ತು, ಎಲೆಕ್ಟ್ರಿಷಿಯನ್ ಕೂತಲ್ಲೇ ಬದಲಿಸಿಕೊಟ್ಟರು, ಖರ್ಚು ಅಂತ ಹೇಳುವಷ್ಟೇನೂ ಆಗಲಿಲ್ಲ.

ಲ್ಯಾಪ್‌ಟಾಪ್ ಒಂದೇ ಇರುವವರು ಕೊಳ್ಳಬೇಕಾಗಿಲ್ಲ. ಮೂರು ನಾಲ್ಕು ಡೆಸ್ಕ್‌ಟಾಪ್ ಇದ್ದರೆ ಖಂಡಿತ ಕೊಳ್ಳಿ, ಆದರೆ ಅಕ್ಕಪಕ್ಕದವರಿಗೆ ತೋರಿಸಬೇಡಿ. ನಮ್ಮದು ಈಗ ಮಹಡಿಯ ಎಲ್ಲಾ ಆಫೀಸು ಸುತ್ತುತ್ತಿದೆ, ಬೇಕಾದಾಗ ನಮ್ಮ ಹತ್ತಿರ ಇರುವುದೇ ಅಪರೂಪ.