ಜಿಂಕೆ ಮಲಗುವ ಪೊದೆ ಪಕ್ಕದಲ್ಲಿ ಟ್ರೀ ಸ್ಯಾಡಲ್: ಕೆಲವು ಸೀಸನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹೊಲದ ಅಂಚಿನಲ್ಲಿ ಕೂತು ಜಿಂಕೆ ಶಿಕಾರಿಗೆ ಕಾಯುವವರಿಗೆ ಟ್ರೀ ಸ್ಯಾಡಲ್, ಅಂದರೆ ಸೊಂಟಕ್ಕೆ ಕಟ್ಟಿಕೊಂಡು ಮರದಿಂದ ನೇತಾಡುವ ಪಟ್ಟಿ, ಬೇಕಾಗಿಲ್ಲ. ಅಲ್ಲಿಗೆ ಮರಕ್ಕೆ ಒರಗಿಸುವ ಏಣಿ ಸ್ಟ್ಯಾಂಡ್ ಸಾಕು. ಕೂರಲು ಸೀಟಿರುತ್ತದೆ, ಕಾಫಿ ಫ್ಲಾಸ್ಕ್ ಇಡಲು ಜಾಗವಿರುತ್ತದೆ, ಬೆಲೆಯೂ ಕಡಿಮೆ. ಜಿಂಕೆ ಹಗಲಿಡೀ ಮಲಗುವ ದಟ್ಟ ಪೊದೆಯ ಹತ್ತಿರಕ್ಕೇ ಹೋಗಿ ಕೂರಬೇಕು ಅನ್ನುವ ಹಟ ಇದ್ದವರು ಮಾತ್ರ ಇದಕ್ಕೆ ದುಡ್ಡು ಹಾಕಲಿ. ನನಗೆ ಆ ಹಟ ಇದೆ. ಮಿಶಿಗನ್‌ನ ದಕ್ಷಿಣ ಭಾಗದಲ್ಲಿ, ಹೆಚ್ಚಾಗಿ ವಾಟರ್‌ಲೂ ರಿಕ್ರಿಯೇಷನ್ ಏರಿಯಾದ ಸಾರ್ವಜನಿಕ ಕಾಡಿನಲ್ಲಿ, ನಾಲ್ಕೈದು ಸೀಸನ್‌ನಿಂದ ಇದನ್ನೇ ಸೊಂಟಕ್ಕೆ ಕಟ್ಟಿಕೊಂಡು ಮರ ಹತ್ತುತ್ತಿದ್ದೇನೆ. ಮೊದಲ ಸೀಸನ್ನಿನ ಉತ್ಸಾಹದಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಹಗ್ಗ ಸವೆದು, ಮಂಡಿ ನೋವು ಶುರುವಾದ ಮೇಲೆ ಬರೆದವು ಕಡಿಮೆ. ಕಂಪನಿ ಹೆಸರು ಹಾಕಿಲ್ಲ. ಮಧ್ಯಮ ಬೆಲೆಯ ಯಾವ ಸ್ಯಾಡಲ್ ತಗೊಂಡರೂ ಒಳ್ಳೆಯದು, ಕೆಟ್ಟದ್ದು ಹೆಚ್ಚುಕಡಿಮೆ ಇವೇ.

ಊರಿನಿಂದ ಓದುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಶಿಕಾರಿ ಅಪರಾಧ. ನಾನು ಬರೆಯುತ್ತಿರುವುದು ಅಮೆರಿಕದ ವೈಟ್‌ಟೇಲ್ ಜಿಂಕೆ ಬಗ್ಗೆ. ಇಲ್ಲಿ ಲೈಸೆನ್ಸ್ ತಗೊಂಡು, ಸೀಸನ್ನಿನಲ್ಲಿ ಹೊಡೆಯಬಹುದು. ಮಿಶಿಗನ್‌ನಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು, ಬಂದೂಕಿನದ್ದು ನವೆಂಬರ್ 15ಕ್ಕೆ. ಹೊಡೆದ ಜಿಂಕೆಯನ್ನು 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಮಾಡಬೇಕು.

ಇನ್ನು ಈ ವಸ್ತು ಏನು ಅಂತ. ಮಲೆನಾಡಿನ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವರು ಮರದ ತಲೆಯಲ್ಲಿ ಸಣ್ಣ ಮಣೆಯ ಮೇಲೆ ಭಾರ ಬಿಟ್ಟು ಎರಡೂ ಕೈ ಖಾಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಉಪಾಯ. ಮಣೆಯ ಬದಲು ಸೊಂಟ ಮತ್ತು ತೊಡೆಯ ಹಿಂಭಾಗವನ್ನು ಹಿಡಿಯುವ ಅಗಲ ಬಟ್ಟೆ. ಮುಂದೆ ಒಂದು ತುಂಡು ಹಗ್ಗ, ಅದಕ್ಕೆ ಬ್ರಿಡ್ಜ್ ಅಂತಾರೆ. ಅದು ಮರಕ್ಕೆ ಸುತ್ತಿದ ಟೆದರ್ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಕಾಲಿಗೆ ಎರಡು ಪಾದ ಊರುವಷ್ಟು ಪುಟ್ಟ ಪ್ಲಾಟ್‌ಫಾರ್ಮ್. ಹತ್ತಲು ಮೂರು ನಾಲ್ಕು ತುಂಡು ಕ್ಲೈಂಬಿಂಗ್ ಸ್ಟಿಕ್, ಅಂದರೆ ಮರಕ್ಕೆ ಕಟ್ಟುವ ಮೆಟ್ಟಿಲ ಕೋಲು. ಹತ್ತುವಾಗ ಬೀಳದಿರಲು ಲೈನ್‌ಮನ್ ಹಗ್ಗ. ಮರಕ್ಕೆ ಮುಖ ಮಾಡಿ ಹಿಂದಕ್ಕೆ ಒರಗಿಕೊಂಡು ನೇತಾಡುವುದು, ಅಷ್ಟೇ. ಎಲ್ಲ ಸೇರಿ 600ರಿಂದ 800 ಡಾಲರ್ ಆಗುತ್ತದೆ. ಸುಮ್ನೆ ನೇತಾಡೋಕೆ ಇಷ್ಟು ದುಡ್ಡಾ ಅಂತ ಮನೆಯವರು ಕೇಳಿದ್ದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಉತ್ತರ ಇರುವುದು ಜಿಂಕೆಯ ದಿನಚರಿಯಲ್ಲಿ. ದೊಡ್ಡ ಗಂಡು ಜಿಂಕೆ ಹಗಲಲ್ಲಿ ಹೊಲಕ್ಕೆ ಬರುವುದು ಕಡಿಮೆ. ಬೆಳಕಿರುವಾಗ ಅದು ಜೊಂಡು ತುಂಬಿದ ಜವುಗಿನ ನಡುವೆ ಒಂದು ಮಂಚದಷ್ಟು ಒಣ ನೆಲ ನೋಡಿಕೊಂಡು, ಅಥವಾ ಆಟಮ್ ಆಲಿವ್, ಡಾಗ್‌ವುಡ್, ಕಾಡು ಗುಲಾಬಿ ಹೆಣೆದುಕೊಂಡ ಗಿಡಗಂಟಿಯೊಳಗೆ ಮಲಗಿ ಮೆಲುಕು ಹಾಕುತ್ತಿರುತ್ತದೆ. ಗಾಳಿ ಬೆನ್ನಿಗೆ, ಕಣ್ಣು ಮುಂದಕ್ಕೆ. ಹಿಂದಿನಿಂದ ಬರುವುದನ್ನು ಮೂಗು ಹೇಳುತ್ತದೆ, ಮುಂದಿನಿಂದ ಬರುವುದನ್ನು ಕಣ್ಣು. ಸಂಜೆ ಎದ್ದು, ಮೈ ಮುರಿದು, ಉಚ್ಚೆ ಹೊಯ್ದು, ಅಲ್ಲೇ ಸುತ್ತಮುತ್ತ ಚಿಗುರು ಕಿತ್ತುಕೊಂಡು ಕಾಲ ಕಳೆಯುತ್ತದೆ. ಹೊಲ ಮುಟ್ಟುವಾಗ ಕತ್ತಲೆ. ಇಲ್ಲಿ ಈಡು ಹೊಡೆಯಲು ಕಾನೂನಿನ ಸಮಯ ಸೂರ್ಯ ಮುಳುಗಿ ಅರ್ಧ ಗಂಟೆಗೆ ಮುಗಿಯುತ್ತದೆ. ಹಾಗಾಗಿ ಹೊಲದಲ್ಲಿ ಕೂತವರಿಗೆ ಸಿಗುವುದು ಹೆಣ್ಣು ಮತ್ತು ಮರಿಗಳು. ಅದು ಮಲಗುವ ಜಾಗದಿಂದ, ಅಂದರೆ ಅದರ ಹಾಸಿಗೆಯಿಂದ, ನೂರು ಗಜದೊಳಗೆ ಕೂತವರಿಗೆ ಮಾತ್ರ ಬೆಳಕಿನಲ್ಲಿ ಕೊಂಬು ಕಾಣುತ್ತದೆ.

ಆದರೆ ಅಷ್ಟು ಹತ್ತಿರ ಹೋಗುವುದು ಅಂದರೆ ಮಲಗಿರುವ ಪ್ರಾಣಿಯ ಕಿವಿಯ ಪಕ್ಕದಲ್ಲಿ ಕಬ್ಬಿಣ ಕಟ್ಟುವ ಕೆಲಸ. ಒಮ್ಮೆ ಟಣ್ ಅಂದರೆ ಮುಗಿಯಿತು. ಅದು ಓಡುವುದೂ ಇಲ್ಲ ಎಷ್ಟೋ ಸಲ. ಮಲಗಿದ್ದಲ್ಲೇ ಕಿವಿ ನಿಮಿರಿಸಿ ಕತ್ತಲಾಗುವವರೆಗೆ ಏಳದೇ ಇದ್ದುಬಿಡುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಅದಕ್ಕೇ ನನ್ನ ಪ್ರಕಾರ ಈ ಸಾಮಾನನ್ನು ಅಳೆಯಬೇಕಾದ್ದು ಸದ್ದಿನಲ್ಲಿ. ತೂಕ, ಆರಾಮ ಎಲ್ಲ ಆಮೇಲೆ. ಈ ಲೆಕ್ಕದಲ್ಲಿ ಸ್ಯಾಡಲ್ ಬಟ್ಟೆಗೆ ಪೂರ್ತಿ ಅಂಕ. ಪೊದೆ ತರಚಿದರೂ ಸದ್ದಿಲ್ಲ, ಹಾಕಿಕೊಂಡೇ ನಡೆಯಬಹುದು. ಬೆನ್ನ ಮೇಲೆ ಹೊತ್ತ ಲೋಹದ ಸ್ಟ್ಯಾಂಡ್ ಒಂದೊಂದು ಕೊಂಬೆಗೂ ತಾಗುತ್ತದೆ. ತೊಂದರೆ ಇರುವುದು ಜೊತೆಗೆ ಬರುವ ಸಾಮಾನಿನಲ್ಲಿ. ಅಲ್ಯುಮಿನಿಯಂ ಸ್ಟಿಕ್ಕುಗಳು ಒಂದಕ್ಕೊಂದು ತಾಗಿದರೆ ಘಂಟೆ. ಹಾಕಿ ಆಡುವವರು ಕೋಲಿಗೆ ಸುತ್ತುವ ಬಟ್ಟೆ ಟೇಪ್ ತಂದು ಎಲ್ಲ ಕಡೆ ಸುತ್ತಿದ ಮೇಲೆ ಬಾಯಿ ಮುಚ್ಚಿದವು. ಇದು ಡಬ್ಬದಲ್ಲೇ ಬರಬೇಕಿತ್ತು ಅಲ್ವಾ? ಸೊಂಟದ ಚೀಲಕ್ಕೆ ವೆಲ್ಕ್ರೋ ಕೊಟ್ಟಿದ್ದಾರೆ. ಮರದ ಮೇಲೆ ವೆಲ್ಕ್ರೋ ಬಿಚ್ಚಬೇಕು ಅಂತ ಯೋಚಿಸಿದವರು ಯಾವತ್ತೂ ಜೊಂಡಿನ ಪಕ್ಕ ಕೂತವರಲ್ಲ. ಅದನ್ನು ಕತ್ತರಿಸಿ ಗುಂಡಿ ಹೊಲಿಸಿಕೊಂಡೆ. ಪ್ಲಾಟ್‌ಫಾರ್ಮ್ ಎರಡನೇ ಸೀಸನ್ನಿನಲ್ಲಿ ನೀರು ಹೆಪ್ಪುಗಟ್ಟುವ ಚಳಿಗೆ ಕಿರ್ ಅನ್ನಲು ಶುರು ಮಾಡಿತು. ತೂಕವನ್ನು ಎಡಗಾಲಿಂದ ಬಲಗಾಲಿಗೆ ಬದಲಿಸಿದಾಗ ಮಾತ್ರ. ಕೀಲಿನ ಜಾಗಕ್ಕೆ ತೆಳು ನೈಲಾನ್ ವಾಷರ್ ಹಾಕಿದ ಮೇಲೆ ನಿಂತಿತು.

ಸದ್ದು ಸರಿ ಹೋದ ಮೇಲೆ ಸ್ಯಾಡಲ್‌ನ ನಿಜವಾದ ಬೆಲೆ ಗೊತ್ತಾಗುತ್ತದೆ. ಮರವನ್ನು ಮೊದಲೇ ನಿಗದಿ ಮಾಡಿಕೊಳ್ಳಬೇಕಾಗಿಲ್ಲ, ಅವತ್ತಿನ ಗಾಳಿ ನೋಡಿ ಆರಿಸಬಹುದು. ಹಾಸಿಗೆಯ ಪಕ್ಕ ಸರಿಯಾದ ಮರ ಅಂತ ಒಂದೇ ಇರುವುದಿಲ್ಲ. ಪಶ್ಚಿಮದ ಗಾಳಿಗೆ ಒಂದು, ವಾಯವ್ಯದ ಗಾಳಿಗೆ ಇನ್ನೊಂದು. ಸಂಜೆ ನೆಲ ತಣ್ಣಗಾದಂತೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರಿ ಜವುಗಿನ ಕಡೆ ಹರಿಯುತ್ತದೆ, ಬೆಳಗ್ಗೆ ಬಿಸಿಲೇರಿದ ಮೇಲೆ ಮೇಲಕ್ಕೆ. ಅಂದರೆ ಬೆಳಗ್ಗೆಗೆ ಒಳ್ಳೆಯದಾದ ಮರ ಸಂಜೆಗೆ ನಮ್ಮ ವಾಸನೆಯನ್ನು ನೇರವಾಗಿ ಹಾಸಿಗೆಗೇ ಕಳಿಸುತ್ತದೆ. ಗಾಳಿ ನೋಡಲು ಜೇಬಿನಲ್ಲಿ ಮಿಲ್ಕ್‌ವೀಡ್ ಕಾಯಿಯ ಹತ್ತಿ ಇಟ್ಟುಕೊಳ್ಳುತ್ತೇನೆ. ಇದು ನಮ್ಮ ಎಕ್ಕದ ಗಿಡದ ಕುಟುಂಬದ್ದೇ, ಕಾಯಿ ಒಡೆದರೆ ಅದೇ ರೇಷ್ಮೆ ಎಳೆ. ಒಂದು ಎಳೆ ಬಿಟ್ಟರೆ ಅರವತ್ತು ಎಪ್ಪತ್ತು ಗಜ ಆಚೆಗೆ ಗಾಳಿ ಎಲ್ಲಿ ತಿರುಗುತ್ತದೆ ಅನ್ನುವುದೂ ಕಾಣುತ್ತದೆ. ಗಾಳಿ ನೋಡಲೆಂದೇ ಮಾರುವ ಪುಡಿ ಬಾಟಲಿಗಳು ಮೂಗಿನ ಮುಂದಿನ ಗಾಳಿಯನ್ನಷ್ಟೇ ತೋರಿಸುತ್ತವೆ.

ಒಂದು ಸಂಜೆಯ ಉದಾಹರಣೆ ಕೊಡುತ್ತೇನೆ. ಅಕ್ಟೋಬರ್ ಕೊನೆ, ಸಣ್ಣ ತುಂತುರು, ಮರ ಹತ್ತುವ ಸದ್ದು ಮುಚ್ಚಲು ಹೇಳಿ ಮಾಡಿಸಿದ ಹವೆ. ಜೊಂಡಿನ ಅಂಚಿನಲ್ಲಿ ನಾನು ಆರಿಸಿದ್ದು ತೊಡೆ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಇರುವ, ಸೊಟ್ಟ ಚೆರ್ರಿ ಮರ. ಯಾವ ಸ್ಟ್ಯಾಂಡೂ ಅದಕ್ಕೆ ಕೂರುವುದಿಲ್ಲ. ಹದಿನೈದು ಅಡಿ ಹತ್ತಿ ಮರದ ಹಿಂದೆ ಅಡಗಿಕೊಂಡೆ. ಬೆಳಕು ಹೋಗಲು ಮುಕ್ಕಾಲು ಗಂಟೆ ಇದ್ದಾಗ ಜೊಂಡಿನ ನಡುವೆ ಒಂದು ಒಣ ಕೊಂಬೆ ಅಲುಗಿತು. ಕೊಂಬೆ ಅಲ್ಲ, ಕೊಂಬು. ಗಂಡು ಎದ್ದು ನಿಂತಿತು. ನಾಯಿ ಕೊಡವಿದ ಹಾಗೆ ಮೈ ಕೊಡವಿತು, ಬೆನ್ನಿನಿಂದ ನೀರು ಚಿಮ್ಮಿತು. ಆಮೇಲೆ ಇಪ್ಪತ್ತು ನಿಮಿಷ ಅದು ಏನೂ ಮಾಡಲಿಲ್ಲ. ನಿಂತಲ್ಲೇ ನಿಂತು ಮೂಗು ಎತ್ತುವುದು, ಇಳಿಸುವುದು. ಅಷ್ಟೂ ಹೊತ್ತು ನಾನು ಮರದ ಕಾಂಡದ ಹಿಂದೆ. ಕುರ್ಚಿ ಸ್ಟ್ಯಾಂಡಿನಲ್ಲಿ ಕೂತಿದ್ದರೆ ಆಕಾಶದ ಎದುರು ಗೊಂಬೆಯ ಹಾಗೆ ಕಾಣುತ್ತಿದ್ದೆ. ಕೊನೆಗೆ ಇಪ್ಪತ್ತೆರಡು ಗಜಕ್ಕೆ ಬಂತು, ಎಡಗಡೆಯಿಂದ. ಬಲಗೈಯವರಿಗೆ ಸ್ಯಾಡಲ್‌ನಲ್ಲಿ ಸುಲಭವಾದ ಕಡೆ ಅದೇ.

ಬಲಗಡೆಯಿಂದ ಬಂದರೆ ಕತೆ ಬೇರೆ. ಇದನ್ನು ಕಂಪನಿಗಳ ವಿಡಿಯೋಗಳು ಬೇಗ ದಾಟಿಸಿಬಿಡುತ್ತವೆ. ಬಲಗಡೆಯ ಗುರಿಗೆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಲು ತಿರುಗಿಸಬೇಕು, ಬ್ರಿಡ್ಜ್ ಹಗ್ಗವನ್ನು ತಲೆ ಮೇಲಿಂದ ದಾಟಿಸಬೇಕು. ಅಷ್ಟು ಚಲನೆಯನ್ನು ಹತ್ತಿರದ ಜಿಂಕೆ ಸಹಿಸುವುದಿಲ್ಲ. ಜಿಂಕೆ ಬರುವ ದಾರಿ ಎಡಕ್ಕೆ ಬೀಳುವಂತೆ ಮರದ ಸುತ್ತ ಜಾಗ ಹಿಡಿಯುವುದೊಂದೇ ಉಪಾಯ. ರಟ್ ಸಮಯದಲ್ಲಿ, ಅಂದರೆ ಜಿಂಕೆಗಳು ಬೆದೆಗೆ ಬರುವ ನವೆಂಬರ್ ಮೊದಲ ಎರಡು ವಾರ, ಗಂಡುಗಳು ಹೆಣ್ಣು ಮಲಗುವ ಪೊದೆಗಳ ಗಾಳಿಯ ಕೆಳಬದಿಯಲ್ಲಿ ಮೂಸುತ್ತಾ ಓಡಾಡುತ್ತವೆ. ಆಗ ಯಾವ ಕಡೆಯಿಂದ ಬರುತ್ತವೋ ಹೇಳಲಾಗದು. (ಕನ್ನಡ ಕೂಟದ ರಾಜ್ಯೋತ್ಸವ ಕಾರ್ಯಕ್ರಮವೂ ಸರಿಯಾಗಿ ಆ ಎರಡು ವಾರದಲ್ಲೇ ಬರುತ್ತದೆ. ನಾನು ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.)

ಮರದ ಬಗ್ಗೆ ಒಂದು ಮುಖ್ಯ ಎಚ್ಚರಿಕೆ. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಕೀಟ ಅಮೆರಿಕದಲ್ಲಿ ಮೊದಲು ಪತ್ತೆಯಾಗಿದ್ದೇ ಡೆಟ್ರಾಯಿಟ್ ಹತ್ತಿರ, 2002ರಲ್ಲಿ. ಈ ಕಡೆಯ ಆ್ಯಶ್ ಮರಗಳನ್ನು ಅದು ಮುಗಿಸಿಹಾಕಿದೆ. ಜವುಗಿನ ಅಂಚಿನಲ್ಲಿ, ಅಂದರೆ ನಮಗೆ ಬೇಕಾದ ಜಾಗದಲ್ಲೇ, ಸತ್ತ ಆ್ಯಶ್‌ಗಳು ನೆಟ್ಟಗೆ ನಿಂತಿರುತ್ತವೆ. ನೇರ ಕಾಂಡ, ಕೊಂಬೆ ಇಲ್ಲ, ನೋಡಿದರೆ ಆಸೆಯಾಗುತ್ತದೆ. ಒಣಗಿದ ಆ್ಯಶ್ ಹೇಳದೆ ಕೇಳದೆ ಮುರಿಯುತ್ತದೆ. ಸ್ಯಾಡಲ್ ನಮ್ಮ ಇಡೀ ಭಾರವನ್ನು ಒಂದೇ ಹಗ್ಗದಲ್ಲಿ ಮರಕ್ಕೆ ಕೊಡುತ್ತದೆ, ಮರವೇ ಬಿದ್ದರೆ ಯಾವ ಸುರಕ್ಷತೆಯೂ ಇಲ್ಲ. ಎಲೆ ಇರುವ ಸೆಪ್ಟೆಂಬರ್‌ನಲ್ಲೇ ಹೋಗಿ ಜೀವಂತ ಮರಗಳನ್ನು ಫೋನ್ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಶ್ಯಾಗ್‌ಬಾರ್ಕ್ ಹಿಕರಿ ಬಿಟ್ಟುಬಿಡಿ, ತೊಗಟೆಯ ಸಿಪ್ಪೆ ಹಗ್ಗ ತಾಗಿದರೆ ಹಪ್ಪಳ ಮುರಿದ ಸದ್ದು.

ಸಾರ್ವಜನಿಕ ಜಾಗದ ನಿಯಮಗಳೂ ಸ್ಯಾಡಲ್ ಪರವಾಗಿವೆ. ಮಿಶಿಗನ್‌ನಲ್ಲಿ ತೊಗಟೆ ದಾಟಿ ಮರದ ಜೀವಪದರಕ್ಕೆ ಇಳಿಯುವ ಮೊಳೆ, ಸ್ಕ್ರೂ ಹಾಕುವಂತಿಲ್ಲ. ಬಿಟ್ಟುಹೋಗುವ ಸ್ಟ್ಯಾಂಡಿಗೆ ಹೆಸರು, ವಿಳಾಸ ಅಂಟಿಸಬೇಕು, ಮಾರ್ಚ್ 1ರೊಳಗೆ ತೆಗೆಯಬೇಕು. ಸ್ಯಾಡಲ್ ನಮ್ಮ ಜೊತೆಗೇ ಬಂದು ಜೊತೆಗೇ ಹೋಗುತ್ತದೆ. ಕಳ್ಳರ ಭಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಒಬ್ಬ ಕೂರುತ್ತಾನೆ ಅನ್ನುವ ಗುರುತು ಬೇರೆ ಶಿಕಾರಿಗಳಿಗೂ ಸಿಗುವುದಿಲ್ಲ, ಜಿಂಕೆಗೂ ಸಿಗುವುದಿಲ್ಲ.

ಈಗ ನೋವಿನ ವಿಷಯ. ಎರಡು ಗಂಟೆ ಆರಾಮ. ಮೂರನೇ ಗಂಟೆಗೆ ಸೊಂಟದ ಎರಡೂ ಬದಿ ಹಿಂಡುತ್ತದೆ. ಬ್ರಿಡ್ಜ್ ಹಗ್ಗ ಉದ್ದ ಮಾಡಿದರೆ ಹಿಂಡುವುದು ಕಡಿಮೆ, ಆದರೆ ಮರದಿಂದ ದೂರ ಹೋಗುತ್ತೇವೆ. ಟೆದರ್ ಅನ್ನು ಹಣೆಯ ಎತ್ತರಕ್ಕೆ ಕಟ್ಟಿದರೆ ಒರಗಿ ನಿಲ್ಲಬಹುದು, ಇನ್ನೂ ಕೆಳಗೆ ಕಟ್ಟಿದರೆ ಮಂಡಿ ಮರಕ್ಕೆ ಊರಿ ಕೂರಬಹುದು. ಎರಡನ್ನೂ ಬದಲಿಸುತ್ತಾ ಇರಬೇಕು. ಮಂಡಿಗೆ ಟೈಲ್ಸ್ ಹಾಕುವವರ ಪ್ಯಾಡ್ ಕಟ್ಟಿಕೊಂಡರೆ ಸಾಕು, ಶಿಕಾರಿ ಹೆಸರಿನಲ್ಲಿ ಮಾರುವ ದುಬಾರಿ ಪ್ಯಾಡ್ ಬೇಡ. ನಲವತ್ತೈದು ದಾಟಿದವರು, ಬೆನ್ನು ನೋವಿರುವವರು ಮೊದಲು ಸ್ನೇಹಿತರ ಸ್ಯಾಡಲ್ ಹಾಕಿ ನೆಲದಿಂದ ಒಂದಡಿ ಮೇಲೆ ಒಂದು ಸಂಜೆ ನೇತಾಡಿ ನೋಡಿ. ಇಡೀ ದಿನ ಕೂರುವುದಕ್ಕೆ ಇದು ನನಗೆ ಆಗುವುದಿಲ್ಲ. ಹಾಸಿಗೆ ಪಕ್ಕದ ಶಿಕಾರಿ ಹೆಚ್ಚಾಗಿ ಸಂಜೆಯ ಮೂರು ಗಂಟೆಯ ಕೆಲಸವಾದ್ದರಿಂದ ನಡೆಯುತ್ತದೆ. ನವೆಂಬರ್ ಚಳಿಗೆ ದಪ್ಪ ಜಾಕೆಟ್ ಹಾಕಿದ ಮೇಲೆ ಕಾಲಿನ ಬಕಲ್ ಎಲ್ಲಿದೆ ಅಂತ ಹುಡುಕುವುದೇ ಒಂದು ವ್ಯಾಯಾಮ.

ಬಂದೂಕಿನ ಸೀಸನ್ ಶುರುವಾದ ದಿನ ಇದರ ಉಪಯೋಗ ಇನ್ನೂ ಜಾಸ್ತಿ. ಕಾಡು ತುಂಬ ಜನ. ಜಿಂಕೆಗಳು ಹಗಲಲ್ಲೇ ದಟ್ಟ ಪೊದೆಗೆ ನುಗ್ಗುತ್ತವೆ, ಆ ಪೊದೆಯ ಬಾಯಲ್ಲಿ ಮರ ಸಿಕ್ಕರೆ ಸಾಕು. ಆ ದಿನಗಳಲ್ಲಿ ಬಿಲ್ಲು ಹಿಡಿದಿದ್ದರೂ ಕಿತ್ತಳೆ ಬಣ್ಣದ ಬಟ್ಟೆ ಕಡ್ಡಾಯ, ಅದು ಸ್ಯಾಡಲ್ ಪಟ್ಟಿಗಳ ಕೆಳಗೆ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಬಾಳಿಕೆ ಹೇಗೆ? ಬಟ್ಟೆ ಗಟ್ಟಿ, ಹೊಲಿಗೆ ಇನ್ನೂ ಹೊಸದರ ಹಾಗಿದೆ. ಬ್ರಿಡ್ಜ್ ಹಗ್ಗ ಮಾತ್ರ ಕ್ಯಾರಬೈನರ್ ಕೊಂಡಿ ಉಜ್ಜುವ ಜಾಗದಲ್ಲಿ ನೂಲು ಎದ್ದು ಜುಂಗು ಜುಂಗಾಯಿತು, ಒಮ್ಮೆ ಬದಲಿಸಿದ್ದೇನೆ. ಒಂದು ಸ್ಟಿಕ್ಕಿನ ಪಟ್ಟಿಯ ಹೊಲಿಗೆ ಬಿಟ್ಟಿತು. ಕಂಪನಿಗೆ ಫೋಟೋ ಕಳಿಸಿದೆ. ಜಗಳ ಇಲ್ಲದೆ ಹೊಸದು ಕೊಟ್ಟರು, ಆದರೆ ಅಕ್ಟೋಬರ್‌ನಲ್ಲಿ ಕೇಳಿದ್ದು ಕೈಗೆ ಬಂದಿದ್ದು ಸೀಸನ್ ಮುಗಿದ ಮೇಲೆ. ಹಾಗಾಗಿ ಪಟ್ಟಿ, ಹಗ್ಗ ಒಂದೊಂದು ಜಾಸ್ತಿ ಇಟ್ಟುಕೊಂಡಿರಿ. ಪರೀಕ್ಷೆ ಆಗಸ್ಟ್‌ನಲ್ಲೇ ಮಾಡಿ.

ಈಗ ಹೊಸದಾಗಿ ತಗೊಳ್ಳುವುದಾದರೆ ಸ್ಯಾಡಲ್‌ಗೆ ಮಧ್ಯಮ ಬೆಲೆ ಸಾಕು ಅಂತೀನಿ. ಉಳಿದ ದುಡ್ಡನ್ನು ಸದ್ದಿಲ್ಲದ ಸ್ಟಿಕ್ಕುಗಳಿಗೆ, ಅಗಲದ ಪ್ಲಾಟ್‌ಫಾರ್ಮಿಗೆ ಹಾಕಿ. ಹಳೆಯದು ಅಗ್ಗಕ್ಕೆ ಸಿಕ್ಕರೆ ಸ್ಟಿಕ್ ಮತ್ತು ಪ್ಲಾಟ್‌ಫಾರ್ಮ್ ಕೊಳ್ಳಬಹುದು, ಬಿರುಕು ಇದೆಯಾ ನೋಡಿಕೊಂಡು. ಹಗ್ಗ, ಸ್ಯಾಡಲ್ ಮಾತ್ರ ಬೇರೆಯವರದ್ದು ಬೇಡ. ಅದು ಎಷ್ಟು ವರ್ಷ ಯಾರ ಗ್ಯಾರೇಜಿನ ಬಿಸಿಲಲ್ಲಿ ನೇತಾಡಿತ್ತು ಅಂತ ಮಾರುವವರು ಹೇಳುವುದಿಲ್ಲ.